ಸತ್ಯಾಂಶ: ಹಸಿರು ಪಕ್ಷ ಬಂದರೂ ಕಲ್ಲಿದ್ದಲೇ ಗತಿಯೇ?

‘ಹಸಿರು ಪಕ್ಷ ಗದ್ದುಗೆ ಏರಿದರೂ ಜರ್ಮನಿ ಕಲ್ಲಿದ್ದಲಿಗೇ ಮರಳಿತು’ ಎಂಬ ಫಾರ್ವರ್ಡ್ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಅದು ಅರ್ಧ ಮಾತು. ರಷ್ಯಾದಿಂದ ಅನಿಲ ಪೂರೈಕೆ ಕುಸಿದ 2022ರ ಗ್ಯಾಸ್ ಬಿಕ್ಕಟ್ಟಿನಲ್ಲಿ ಕಲ್ಲಿದ್ದಲು ವಿದ್ಯುತ್ ಏರಿದ್ದು ನಿಜ. 2023ರಲ್ಲಿ ಜೋರಾಗಿಯೇ ಇಳಿಯಿತು. ಆ ಪಕ್ಷ ಸಮ್ಮಿಶ್ರ ಸರ್ಕಾರದಲ್ಲಿದ್ದಾಗ, 2000ದಲ್ಲಿ, ಗಾಳಿ–ಬಿಸಿಲಿನ ವಿದ್ಯುತ್ತಿಗೆ 20 ವರ್ಷ ನಿಗದಿತ ದರ ಕೊಡುವ ಕಾನೂನು ಬಂತು. ಆಗ ಜರ್ಮನಿಯ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಶೇ 6ರ ಆಸುಪಾಸು. 2023ರಲ್ಲಿ ಶೇ 50 ದಾಟಿತು. ಎಲ್ಲವೂ ಅವರದೇ ಸಾಧನೆಯೇನಲ್ಲ, ನಡುವೆ 16 ವರ್ಷ ವಿರೋಧ ಪಕ್ಷದಲ್ಲಿದ್ದರು.

ಇಂಥ ಸಂದೇಶ ಬಂದರೆ ಒಂದೇ ವರ್ಷದ ಅಂಕಿ ನಂಬಬೇಡಿ, ಹತ್ತು ವರ್ಷದ್ದನ್ನು ಸಾಲಾಗಿ ನೋಡಿ. ಸಾಮರ್ಥ್ಯವನ್ನೂ (ಗರಿಷ್ಠ ಎಷ್ಟು ಕೊಡಬಲ್ಲದು) ಉತ್ಪಾದನೆಯನ್ನೂ (ನಿಜಕ್ಕೂ ಎಷ್ಟು ಕೊಟ್ಟಿತು) ಬೆರೆಸಿದ್ದಾರೆಯೇ ಗಮನಿಸಿ: ಮೈಸೂರಿನ ತಾರಸಿಯ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಡುವುದು 24 ಯುನಿಟ್ ಅಲ್ಲ, ಸುಮಾರು 4.