ಎಕ್ಸ್‌ರೇ ಗಾಡಿ ಬಂದರಷ್ಟೇ ಸಾಲದು

ಪುಣೆಯ ಕಟ್ಟಡ ಕೆಲಸದ ಜಾಗಗಳಿಗೆ ಎಕ್ಸ್‌ರೇ ಗಾಡಿ ಕಳಿಸಿದರೆ ವಲಸೆ ಕೂಲಿಗಳ ಕ್ಷಯ ಪತ್ತೆಯಾಗುತ್ತದೆ ಎಂದು ಲೇಖನವೊಂದು ಹೇಳುತ್ತದೆ. ಅರ್ಧ ನಿಜ. ಎಕ್ಸ್‌ರೇ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. ಖಾತ್ರಿಗೆ ಕಫದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಯೇ ಆಗಬೇಕು. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದೂ ಅದರಿಂದ ತಿಳಿಯುತ್ತದೆ.

ಎಡವಟ್ಟಾಗುವುದು ಕಫ ಹಿಡಿಯುವ ಡಬ್ಬಿ ಕೊಡುವಾಗ. ಕಲಬುರಗಿ, ಯಾದಗಿರಿ ಕಡೆಯವರಿಗೆ ಅವಸರದ ಮರಾಠಿಯಲ್ಲಿ ಹೇಳಿ ಡಬ್ಬಿ ಕೈಗಿಟ್ಟರೆ ನೊರೆ ನೊರೆ ಎಂಜಲು ವಾಪಸ್ ಬರುತ್ತದೆ, ರೋಗವಿದ್ದರೂ ವರದಿ ನೆಗೆಟಿವ್. "ಉಗುಳು ಬ್ಯಾಡ್ರಿ, ಎದಿಯಾಗಿನ ಕಫ ಬೇಕು" ಅಂದರೆ ಮುಗಿಯಿತು. ಮೊದಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಬೇಕು, ಎರಡು ಮೂರು ಸಲ ಉದ್ದಕ್ಕೆ ಉಸಿರೆಳೆದು ಆಳದಿಂದ ಕೆಮ್ಮಬೇಕು. ಶೆಡ್ಡಿನೊಳಗೆ ಬೇಡ, ಹೊರಗೆ ಬಯಲಿನಲ್ಲಿ. ಗಟ್ಟಿ ಕಫ 2ರಿಂದ 5 ಮಿಲಿಲೀಟರ್ ಸಾಕು. ಒಂದು ಮಾದರಿ ಅಲ್ಲಿಯೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ.

ಇನ್ನು ಎಲ್ಲರ ಹೆಸರಿನ ಮುಂದೂ ಮುಕಾದಮನ, ಅಂದರೆ ಕೂಲಿಗಳ ಮೇಸ್ತ್ರಿಯ, ಫೋನ್ ನಂಬರು ಬರೆದುಕೊಳ್ಳುವ ಚಾಳಿ (ಬರೆಯುವವರಿಗೆ ಸುಲಭ, ಅಷ್ಟೇ). ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು; ನಡುವೆ ಯುಗಾದಿಗೋ ಬಿತ್ತನೆಗೋ ಊರಿಗೆ ಹೋದವರನ್ನು ಆ ನಂಬರಿನಿಂದ ಹುಡುಕಲಾಗದು. ಊರು, ತಾಲ್ಲೂಕು, ಮನೆಯವರ ನಂಬರು ಮೊದಲ ದಿನವೇ ಬೇಕು. ನಿಕ್ಷಯ್ ಐಡಿ, ಅಂದರೆ ಕ್ಷಯ ರೋಗಿಗಳ ಸರ್ಕಾರಿ ದಾಖಲೆಯ ನಂಬರು, ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಊರಿನ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿ ಅಲ್ಲೇ ಮಾತ್ರೆ ಮುಂದುವರಿಸಬಹುದು. ಶಿಬಿರವನ್ನು ಮಾತ್ರ ಬೆಳಿಗ್ಗೆ 11ಕ್ಕೆ ಇಡಬೇಡಿ. ದಿನಗೂಲಿ ಬಿಟ್ಟು ಯಾರೂ ಬರುವುದಿಲ್ಲ.