ಐದಾರು ಜನರ ಅಂಗಡಿಗೂ ನೀರು, ಶೌಚಾಲಯದ ನಿಯಮ ಕಡ್ಡಾಯ ಆಗಬೇಕೆ?

ಪರ: ಬಾಟಲಿ ಅರ್ಧ ತುಂಬಿಯೇ ಮನೆಗೆ ಬರುತ್ತಿತ್ತು

ಪುಣೆಯ ಪೇಠ್ ಭಾಗದ ಒಂದು ಬಟ್ಟೆ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದೆ. ನಾವು ನಾಲ್ಕು ಜನ ಹೆಣ್ಣುಮಕ್ಕಳು, ಒಬ್ಬ ಹುಡುಗ, ಗಲ್ಲಾದ ಮೇಲೆ ಮಾಲೀಕರು. ಬೆಳಗ್ಗೆ ಹತ್ತಕ್ಕೆ ಹೋದರೆ ರಾತ್ರಿ ಒಂಬತ್ತು. ಅಂಗಡಿಯಲ್ಲಿ ಶೌಚಾಲಯ ಇರಲಿಲ್ಲ. ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಬರಲು ಇಪ್ಪತ್ತು ನಿಮಿಷ ಬೇಕು, ದೀಪಾವಳಿ ಸೀಸನ್‌ನಲ್ಲಿ ಅಷ್ಟು ಹೊತ್ತು ಕೌಂಟರ್ ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ನಾವೆಲ್ಲ ಒಂದೇ ದಾರಿ ಹಿಡಿದೆವು: ನೀರು ಕುಡಿಯುವುದನ್ನೇ ಬಿಟ್ಟೆವು. ಮನೆಯಿಂದ ತಂದ ಬಾಟಲಿ ಅರ್ಧ ತುಂಬಿಯೇ ವಾಪಸ್ ಬರುತ್ತಿತ್ತು, ಮೇ ತಿಂಗಳ ಬಿಸಿಲಲ್ಲೂ.

ಎರಡನೇ ವರ್ಷ ಉರಿಮೂತ್ರ ಶುರುವಾಯಿತು. ಜ್ವರ, ನಡುನೋವು. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ನೀರು ಜಾಸ್ತಿ ಕುಡಿಯಿರಿ, ತಡೆದುಕೊಳ್ಳಬೇಡಿ ಅಂದರು. ಎರಡೂ ನನ್ನ ಕೈಯಲ್ಲಿ ಇರಲಿಲ್ಲ. ಜೊತೆಯವಳೊಬ್ಬಳು ಮುಟ್ಟಿನ ಮೊದಲೆರಡು ದಿನ ರಜೆ ಹಾಕುತ್ತಿದ್ದಳು, ಅವಳ ಆ ಎರಡು ದಿನದ ಸಂಬಳ ಪ್ರತಿ ತಿಂಗಳೂ ಕಟ್. ಕುಡಿಯುವ ನೀರು ಬೇರೆ ವಿಷಯ, ಶೌಚಾಲಯ ಬೇರೆ ವಿಷಯ ಅಂತ ಮಾತಾಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಒಂದಿಲ್ಲದಿದ್ದರೆ ಇನ್ನೊಂದು ಇದ್ದೂ ಇಲ್ಲ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಓದಿದಾಗ ಆಶ್ಚರ್ಯವಾಯಿತು. ಎಷ್ಟು ಯೋಚಿಸಿ ಬರೆದಿದ್ದರು ಅಂತ! ಕುಡಿಯುವ ನೀರಿನ ಜಾಗ ಶೌಚಾಲಯ, ಮೋರಿ, ಕೈತೊಳೆಯುವ ಕಟ್ಟೆಯಿಂದ 6 ಮೀಟರ್ ಒಳಗೆ ಇರಬಾರದು. 'ಕುಡಿಯುವ ನೀರು' ಎಂಬ ಬೋರ್ಡು ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. 250ಕ್ಕಿಂತ ಜಾಸ್ತಿ ಜನ ಇದ್ದರೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು. ಹೆಂಗಸರ ಶೌಚಾಲಯ ಬೇರೆಯೇ ಇರಬೇಕು. ಆದರೆ ಇದೆಲ್ಲ ಇದ್ದದ್ದು ಕಾರ್ಖಾನೆಗೆ. ಅಂಗಡಿಗಳಿಗಾಗಿ ಮಹಾರಾಷ್ಟ್ರ 2017ರಲ್ಲಿ ಹೊಸ ಕಾಯ್ದೆ ತಂದಿತು. ಅದರಲ್ಲೂ ನೀರು, ಶೌಚಾಲಯದ ಮಾತಿದೆ, ಆದರೆ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಅಂತ ಬರೆದಾಗಲೇ ಗೆರೆ ಎಳೆದರು. ನಾವು ಐದು ಜನ. ಐದು ಜನರ ದೇಹವೂ ಹತ್ತು ಜನರ ದೇಹದ ಹಾಗೇ ಅಲ್ವಾ?

2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ ಜಿಬಿಎಸ್ (ಗಿಲ್ಲನ್-ಬಾರೆ ಸಿಂಡ್ರೋಮ್) ಬಂದದ್ದು ಪುಣೆಯವರು ಯಾರೂ ಮರೆತಿಲ್ಲ. ಕೆಟ್ಟ ನೀರು, ಊಟದಿಂದ ಮೊದಲು ಭೇದಿ ಆಗಿ, ಆಮೇಲೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ನರಗಳ ಮೇಲೆ ಬೀಳುವ ಕಾಯಿಲೆ ಅದು. ಕೈಕಾಲು ಜೋಮು ಹಿಡಿದು ಕೆಲವರು ವೆಂಟಿಲೇಟರ್‌ವರೆಗೆ ಹೋದರು. 200ಕ್ಕೂ ಜಾಸ್ತಿ ಶಂಕಿತ ರೋಗಿಗಳು. ಆಗ ನಾವೆಲ್ಲ ಮನೆಯಲ್ಲಿ ನೀರು ಕುದಿಸಿ ಕುಡಿದೆವು. ಆದರೆ ಹಗಲಿನ ಹನ್ನೊಂದು ಗಂಟೆ ಕಳೆಯುವುದು ಅಂಗಡಿಯಲ್ಲಿ. ಅಲ್ಲಿ ಮೂಲೆಯಲ್ಲಿಟ್ಟ ಕ್ಯಾನ್ ಎಲ್ಲಿಂದ ಬಂತು, ಯಾವತ್ತು ತೊಳೆದದ್ದು, ಕೇಳುವವರಿಲ್ಲ. ಆಮೇಲೆ ಸಿಂಹಗಡ ರಸ್ತೆ ಭಾಗದ ಸುಮಾರು 30 ಖಾಸಗಿ ನೀರಿನ ಘಟಕಗಳಿಗೆ ಪಾಲಿಕೆ ಬೀಗ ಹಾಕಿತು.

ಖರ್ಚು ಜಾಸ್ತಿ ಅನ್ನುತ್ತಾರೆ. ಟ್ಯಾಂಕ್ ತೊಳೆದ ತಾರೀಕು ಗೋಡೆ ಮೇಲೆ ಬರೆಯಲು ಏನು ಖರ್ಚು? ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಅಂತ ನೋಡುವ ಓಟಿ ಪರೀಕ್ಷೆಗೆ ನಾಲ್ಕು ಹನಿ ದ್ರಾವಣ ಸಾಕು, ನೀರು ಹಳದಿಯಾದರೆ ಇದೆ ಅಂತ ಅರ್ಥ. ಜಾಗವೇ ಇಲ್ಲದಿದ್ದರೆ ಪಕ್ಕದ ಹೋಟೆಲಿನವರ ಜೊತೆ ತಿಂಗಳಿಗಿಷ್ಟು ಅಂತ ಮಾತಾಡಿ ಶೌಚಾಲಯ ಬಳಸುವ ಏರ್ಪಾಡು ಮಾಡಬಹುದು. ಮಾಲೀಕರು ಕೆಟ್ಟವರಲ್ಲ, ನನ್ನ ಮಾಲೀಕರೂ ಮಗಳ ಮದುವೆಗೆ ನಮಗೆಲ್ಲ ಸೀರೆ ಕೊಟ್ಟವರು. ಆದರೆ ಕಡ್ಡಾಯ ಇಲ್ಲದ ಕಾರಣಕ್ಕೆ ಆ ಮಾತು ಅವರ ತಲೆಗೇ ಬರಲಿಲ್ಲ, ನಾವೂ ನಾಚಿಕೆಯಿಂದ ಬಾಯಿಬಿಟ್ಟು ಕೇಳಲಿಲ್ಲ. ಗೋಡೆ ಮೇಲೆ ನಿಯಮ ಅಂಟಿಸಿದ್ದರೆ ಕೇಳುತ್ತಿದ್ದೆವು.

ವಿರೋಧ: ಕೊಳವೆ ನನ್ನದಲ್ಲ, ಕಟ್ಟಡವೂ ನನ್ನದಲ್ಲ

ಈ ತಂಗಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಓದಿ ಹೊಟ್ಟೆ ಉರಿಯಿತು. ಆದರೂ ಸಣ್ಣವರ ಮೇಲೆ ದೊಡ್ಡವರ ನಿಯಮ ಹೇರಿದರೆ ಅವಳ ಕಷ್ಟ ತೀರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ನನ್ನದು ಜೋಳದ ರೊಟ್ಟಿ ಖಾನಾವಳಿ. ಕಲಬುರಗಿ, ವಿಜಯಪುರ ಕಡೆಯ ಗೌಂಡಿಗಳು, ಒಂಟಿಯಾಗಿ ಇರುವ ಐಟಿ ಹುಡುಗರು ಊಟಕ್ಕೆ ಬರುತ್ತಾರೆ. ರೊಟ್ಟಿ ಬಡಿಯುವ ಇಬ್ಬರು ಅಕ್ಕಂದಿರು, ಮೂವರು ಹುಡುಗರು, ನಾನು. ಇರುವ ಜಾಗ ಇನ್ನೂರು ಚದರ ಅಡಿ, ಅದೂ ಬಾಡಿಗೆ. ಶೌಚಾಲಯ ಕಟ್ಟು ಅಂದರೆ ಒಲೆ ಪಕ್ಕ ಕಟ್ಟಬೇಕು, ಅದು ಇನ್ನೂ ಹೊಲಸು. ಕಟ್ಟಡದ ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಹೀಗಿರುವಾಗ ದಂಡದ ನೋಟಿಸ್ ಬರುವುದು ಯಾರ ಹೆಸರಿಗೆ? ನನ್ನ ಹೆಸರಿಗೆ.

ನೀರಿನ ವಿಷಯಕ್ಕೆ ಬರೋಣ, ನನಗೆ ಹೆಚ್ಚು ಹೇಳಬೇಕಾದದ್ದು ಅಲ್ಲೇ ಇದೆ. ಅದೇ ಜಿಬಿಎಸ್ ಕಾಲವನ್ನು ನೋಡಿ. ಸಿಂಹಗಡ ರಸ್ತೆ ಕಡೆಯ ನಾಂದೇಡ್ ಗಾಂವ್, ಕಿರ್ಕಟವಾಡಿಯಂಥ ಹಳ್ಳಿಗಳನ್ನು 2021ರಲ್ಲಿ ಪಾಲಿಕೆಗೆ ಸೇರಿಸಿದರು. ಸೇರಿಸಿ ನಾಲ್ಕು ವರ್ಷವಾಗುತ್ತ ಬಂದರೂ ಅಲ್ಲಿ ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಬಿಡುತ್ತಿದ್ದರು, ಸೋಸುವ ಶುದ್ಧೀಕರಣ ಘಟಕ ಇರಲಿಲ್ಲ. ಅಲ್ಲಿಯ ಚಹಾದಂಗಡಿಯವನು ಟ್ಯಾಂಕ್ ಎಷ್ಟು ತಿಕ್ಕಿ ತೊಳೆದರೂ ಬಾವಿ ಶುದ್ಧವಾಗುತ್ತಿತ್ತೇ?

ನಮ್ಮ ಕಡೆ ನಲ್ಲಿ ಹೊತ್ತುಹೊತ್ತಿಗೆ ಬರುತ್ತದೆ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇರುವುದಿಲ್ಲ, ಬಿರುಕು ಇದ್ದರೆ ಪಕ್ಕದ ಚರಂಡಿ ನೀರು ಒಳಗೆ ಜಿನುಗುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲ ಹತ್ತು ನಿಮಿಷದ್ದು ಅದೇ. ಆ ಕೊಳವೆ ನನ್ನದಲ್ಲ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಕಾಣಬಾರದು. ಸರಿಯಾದ ಮಾನದಂಡವೇ. ಆದರೆ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ತುಂಬಿಸಿದ ಒಂದು ಬಾಟಲಿ ಆ ಒಂದು ದಿನದ ಕಥೆ ಮಾತ್ರ ಹೇಳುತ್ತದೆ. ನನ್ನ ಬಳಿ ಬಂದಿದ್ದ ಏಜೆಂಟ್ ಒಬ್ಬ, ನೀರು ಕೊಡುವುದೂ ಬೇಡ, ದುಡ್ಡು ಕೊಡಿ, ರಿಪೋರ್ಟ್ ಬರುತ್ತದೆ ಅಂದಿದ್ದ. ಕಡ್ಡಾಯ ಮಾಡಿದರೆ ಇಂಥವರು ಗಲ್ಲಿಗಲ್ಲಿಗೆ ಬರುತ್ತಾರೆ, ಗೋಡೆ ಮೇಲೆ ಸರ್ಟಿಫಿಕೇಟ್ ತೂಗುತ್ತದೆ, ಲೋಟದಲ್ಲಿ ಮಾತ್ರ ಅದೇ ನೀರು.

ಇನ್ನು ಹೆದರಿಕೆಗೆ ಎಲ್ಲರೂ ಕ್ಯಾನ್ ತರಿಸುತ್ತಾರೆ. ಆರ್‌ಓ ಘಟಕದಲ್ಲಿ ನೀರಿನ ಕ್ಲೋರಿನ್ ಹೋಗಿಬಿಡುತ್ತದೆ. ಆಮೇಲೆ ಕ್ಯಾನ್ ಕೊಳಕಿದ್ದರೆ ಆ ನೀರನ್ನು ಕಾಪಾಡುವುದು ಏನೂ ಇಲ್ಲ. ನಾನು ಪಾಲಿಕೆ ನೀರನ್ನೇ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತೇನೆ. ಗ್ಯಾಸ್ ಖರ್ಚಾಗುತ್ತದೆ, ಆಗಲಿ. ಇದನ್ನು ಯಾವ ನಿಯಮವೂ ಹೇಳಿಕೊಟ್ಟದ್ದಲ್ಲ, ಊಟಕ್ಕೆ ಕೂತವನು ನಮ್ಮೂರಿನ ಹುಡುಗ ಅನ್ನುವ ಭಯ ಇದೆಯಲ್ಲ, ಅದು.

ಪಾಲಿಕೆಯೇ ಪ್ರತಿ ಗಲ್ಲಿಯ ಕೊನೆಯ ನಲ್ಲಿಯ ನೀರು ಪರೀಕ್ಷಿಸಿ ಫಲಿತಾಂಶವನ್ನು ಅಲ್ಲೇ ಬೋರ್ಡಿನಲ್ಲಿ ಬರೆಯಲಿ. ಹತ್ತು ಅಂಗಡಿಗೆ ಒಂದರಂತೆ, ದೀಪ, ಚಿಲಕ, ನೀರು ಇರುವ ಶೌಚಾಲಯ ಕಟ್ಟಿಸಲಿ, ಹೆಂಗಸರಿಗೆ ಬೇರೆ. ಅಂಗಡಿಯವರಿಂದ ತಿಂಗಳ ಹಣ ತಗೊಳ್ಳಲಿ, ನಾನು ಮೊದಲು ಕೊಡುತ್ತೇನೆ. ಅದೊಂದನ್ನು ಬೇಕಾದರೆ ಕಡ್ಡಾಯ ಮಾಡಲಿ.

ನಮ್ಮ ಖಾನಾವಳಿ ಹಿಂದೆ ಒಂದು ಹಳೆಯ ಸಂಡಾಸು ಇದೆ, ವರ್ಷಗಳಿಂದ ಬೀಗ. ರೊಟ್ಟಿ ಬಡಿಯುವ ಅಕ್ಕಂದಿರೇ ಅದನ್ನು ತೋರಿಸಿ, ರಿಪೇರಿ ಮಾಡಿಸೋಣ ಅಂದರು. ಆರು ಅಂಗಡಿಯವರು ಸೇರಿ ದುಡ್ಡು ಹೊಂದಿಸಿದೆವು, ಕಟ್ಟಡದವರನ್ನೂ ಹೇಗೋ ಒಪ್ಪಿಸಿದೆವು. ಆದರೆ ಅದರ ಒಳಚರಂಡಿ ಕೊಳವೆ ರಸ್ತೆ ಕೆಳಗೆ ಒಡೆದಿದೆ, ರಸ್ತೆ ಅಗೆಯಲು ನಮಗೆ ಅಧಿಕಾರ ಇಲ್ಲ. ಅರ್ಜಿ ಕೊಟ್ಟು ಎಂಟು ತಿಂಗಳಾಯಿತು.