ಮಿಕೌತಾಡ್ಜೆಗೆ ‘ಫ್ಲಾಪ್’ ಪಟ್ಟ ಕಟ್ಟಿದವರೇ, ಸ್ವಲ್ಪ ಇಲ್ಲಿ ಕೇಳಿ

ಜಾರ್ಜಿಯಾದ ಫುಟ್‌ಬಾಲ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಕ್ವಾರಾಟ್ಸ್ಖೆಲಿಯಾ ಹೆಸರು. ತಪ್ಪೇನಿಲ್ಲ. 33 ವರ್ಷ ಕಾದಿದ್ದ ಇಟಲಿಯ ನಾಪೊಲಿ ಕ್ಲಬ್ 2023ರಲ್ಲಿ ಲೀಗ್ ಗೆದ್ದಾಗ ಅವನಿದ್ದ, ಪ್ಯಾರಿಸ್‌ನ ಪಿಎಸ್‌ಜಿ 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನ್‌ಗೆ ಐದು ಗೋಲು ಬಾರಿಸಿದಾಗಲೂ ಒಂದು ಅವನದ್ದೇ. ಆದರೆ ನನಗೆ ಕುತೂಹಲ ಅದೇ ದೇಶದ ಇನ್ನೊಬ್ಬ ಫಾರ್ವರ್ಡ್ ಮೇಲೆ: ಜಾರ್ಜ್ ಮಿಕೌತಾಡ್ಜೆ. ಅಯಾಕ್ಸ್ ಕ್ಲಬ್‌ನಲ್ಲಿ ಗೋಲು ಹೊಡೆಯಲಿಲ್ಲ ಅಂತ ‘ಫ್ಲಾಪ್’ ಅನ್ನಿಸಿಕೊಂಡವನು.

ಹುಟ್ಟಿದ್ದು 2000ದಲ್ಲಿ, ಫ್ರಾನ್ಸಿನ ಲಿಯಾನ್‌ನಲ್ಲಿ, ಜಾರ್ಜಿಯಾ ಮೂಲದ ಮನೆಯಲ್ಲಿ. ಚಿಕ್ಕಂದಿನಲ್ಲಿ ಲಿಯಾನ್ ಕ್ಲಬ್‌ನ ಅಕಾಡೆಮಿಯಲ್ಲೇ ಆಡಿದ, ಅವರು ಉಳಿಸಿಕೊಳ್ಳಲಿಲ್ಲ. ಫ್ರಾನ್ಸಿನದೇ ಇನ್ನೊಂದು ಕ್ಲಬ್ ಮೆಟ್ಜ್ ಕರೆದುಕೊಂಡಿತು, ಬೆಲ್ಜಿಯಂನ ಸೆರಾಂಗ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಕಳಿಸಿತು. ವಾಪಸ್ ಬಂದವನು 2022-23ರಲ್ಲಿ ಫ್ರಾನ್ಸಿನ ಎರಡನೇ ಡಿವಿಷನ್‌ನಲ್ಲಿ 23 ಗೋಲು ಹೊಡೆದು ಮೆಟ್ಜ್ ಅನ್ನು ಮೇಲಿನ ಲೀಗಿಗೆ ಏರಿಸಿದ. ಆಗ ಬಂತು ನೆದರ್ಲೆಂಡ್ಸ್‌ನ ದೊಡ್ಡ ಕ್ಲಬ್ ಅಯಾಕ್ಸ್‌ನ ಕರೆ.

ಇಲ್ಲಿಂದ ಕಥೆ ಹಾಳಾಯಿತು ಅಂತಾರೆ. ನಿಜ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅರ್ಧ ಸೀಸನ್‌ಗೆ ಒಂದೂ ಗೋಲಿಲ್ಲ. ಆದರೆ ಆ ಅಯಾಕ್ಸ್ ಹೇಗಿತ್ತು ಅನ್ನೋದನ್ನೂ ಹೇಳಬೇಕಲ್ಲ? 2023ರ ಸೆಪ್ಟೆಂಬರ್‌ನಲ್ಲಿ ಫೆಯೆನೂರ್ಡ್ ವಿರುದ್ಧ 0-3ರಿಂದ ಹಿಂದಿದ್ದಾಗ ಅಭಿಮಾನಿಗಳೇ ಮೈದಾನಕ್ಕೆ ಪಟಾಕಿ ಎಸೆದು ಮ್ಯಾಚ್ ನಿಲ್ಲಿಸಿದರು. ಈ ಆಟಗಾರರನ್ನೆಲ್ಲ ಕೊಂಡು ತಂದಿದ್ದ ಡೈರೆಕ್ಟರ್ ಮಿಸ್ಲಿಂಟಾಟ್‌ನನ್ನು ಅದೇ ದಿನ ಮನೆಗೆ ಕಳಿಸಿದರು. ಮರುತಿಂಗಳು ಕೋಚ್ ಸ್ಟೈನ್‌ನ ಸರದಿ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಯಾಕ್ಸ್, ಹೌದು ಅಯಾಕ್ಸ್, ಡಚ್ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿತ್ತು! ಅಂಥ ತಂಡದಲ್ಲಿ ಹೆಚ್ಚಾಗಿ ಬೆಂಚ್ ಮೇಲೆ ಕೂತವನನ್ನು ತೂಗಿ ‘ದಂಡ’ ಅನ್ನೋದು, ಸಸಿ ನೆಟ್ಟ ಮೂರನೇ ದಿನ ಕಿತ್ತು ಬೇರು ಬಿಟ್ಟಿದೆಯಾ ಅಂತ ನೋಡಿದ ಹಾಗೆ.

ಅದೇ ಕ್ಲಬ್‌ನಲ್ಲಿ ಜಾರ್ಜಿಯಾದವರು ಗೆದ್ದದ್ದೂ ಇದೆ, ಸೋತದ್ದೂ ಇದೆ. 1997ರಲ್ಲಿ ಟರ್ಕಿಯ ಟ್ರಾಬ್ಝೋನ್‌ಸ್ಪೋರ್‌ನಿಂದ ಬಂದ ಶೋತಾ ಅರ್ವೆಲಾಡ್ಜೆ ಮೊದಲ ಸೀಸನ್‌ನಲ್ಲೇ ಲೀಗ್, ಕಪ್ ಎರಡನ್ನೂ ಗೆದ್ದ ತಂಡದಲ್ಲಿ ಗೋಲುಗಳ ಸುರಿಮಳೆಗರೆದ. ಮರುವರ್ಷ ಮ್ಯಾಂಚೆಸ್ಟರ್ ಸಿಟಿಯಿಂದ ಬಂದ ಮಿಡ್‌ಫೀಲ್ಡರ್ ಕಿಂಕ್ಲಾಡ್ಜೆಯನ್ನು ಅವನದಲ್ಲದ ಜಾಗದಲ್ಲಿ, ಎಡಬದಿಗೆ ದೂಡಿ ಆಡಿಸಿದರು. ಅಂಥ ಮಾಂತ್ರಿಕ ಕಾಲುಗಳಿದ್ದವನೂ ಮಂಕಾದ. ಇಬ್ಬರದ್ದೂ ಒಂದೇ ದೇಶ, ಒಂದೇ ಡ್ರೆಸ್ಸಿಂಗ್ ರೂಮ್.

ಮಿಕೌತಾಡ್ಜೆ 2024ರ ಜನವರಿಯಲ್ಲಿ ಮೆಟ್ಜ್‌ಗೆ ಮರಳಿದ. ಮತ್ತೆ ಗೋಲು ಶುರು. ತಂಡ ಕೊನೆಗೆ ಸೇಂಟ್ ಎಟಿಯೆನ್ ಎದುರು ಲೀಗ್‌ನಲ್ಲಿ ಉಳಿಯಲು ಆಡಿದ ಪ್ಲೇಆಫ್ ಸೋತು ಕೆಳಗಿಳಿಯಿತು, ಅದು ಬೇರೆ ಮಾತು. ಎರಡು ವಾರಕ್ಕೆ ಯೂರೋ ಕಪ್. ಜಾರ್ಜಿಯಾಕ್ಕೆ ಅದು ಮೊಟ್ಟಮೊದಲ ದೊಡ್ಡ ಟೂರ್ನಿ. ಡಾರ್ಟ್‌ಮಂಡ್‌ನಲ್ಲಿ ಟರ್ಕಿ ವಿರುದ್ಧ 32ನೇ ನಿಮಿಷ, ಕೊಚೊರಾಶ್ವಿಲಿ ಬಲಬದಿಯಿಂದ ಕೊಟ್ಟ ಪಾಸ್, ಹತ್ತಿರದ ಕಂಬದ ಒಳಗಿಂದ ಇವನ ಹೊಡೆತ. ದೊಡ್ಡ ಟೂರ್ನಿಯಲ್ಲಿ ಆ ದೇಶದ ಮೊದಲ ಗೋಲು ‘ಫ್ಲಾಪ್’ ಹುಡುಗನದ್ದು. ಜೆಕ್ ವಿರುದ್ಧ ಒಂದು ಪೆನಾಲ್ಟಿ, ಪೋರ್ಚುಗಲ್ ವಿರುದ್ಧ ಇನ್ನೊಂದು.

‘ಮೂರರಲ್ಲಿ ಎರಡು ಪೆನಾಲ್ಟಿ ತಾನೇ’ ಅನ್ನುವವರು ಪೋರ್ಚುಗಲ್ ಮ್ಯಾಚ್‌ನ ಎರಡನೇ ನಿಮಿಷ ಮತ್ತೆ ನೋಡಿ. ಎದುರಾಳಿ ಡಿಫೆಂಡರ್ ಕೆಟ್ಟದಾಗಿ ಕೊಟ್ಟ ಪಾಸನ್ನು ಹಿಡಿದು, ತಾನೇ ಹೀರೋ ಆಗಲು ಹೋಗದೆ, ಓಡುತ್ತಿದ್ದ ಕ್ವಾರಾಟ್ಸ್ಖೆಲಿಯಾನ ಮುಂದಕ್ಕೆ ಚೆಂಡು ತಳ್ಳಿದ್ದು ಯಾರು? ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು, ನಿದ್ದೆಗೆಟ್ಟವರಿಗೆ ನೆನಪಿರಬೇಕು. 2-0 ಗೆಲುವು, ನಾಕೌಟ್ ಪ್ರವೇಶ, ಕೊನೆಗೆ ಸ್ಪೇನ್ ಎದುರು 1-4. ಮೂರು ಗೋಲಿನೊಂದಿಗೆ ಕೇನ್, ಮುಸಿಯಾಲಾ, ಗಕ್ಪೋ, ಓಲ್ಮೊ, ಶ್ರಾನ್ಸ್ ಜೊತೆ ಇವನೂ ಟಾಪ್ ಸ್ಕೋರರ್.

ಆಮೇಲೆ ಇವನನ್ನು ಕೊಂಡಿದ್ದು ಯಾರು ಗೊತ್ತಾ? ಬಾಲ್ಯದಲ್ಲಿ ಬೇಡ ಅಂದಿದ್ದ ಅದೇ ಲಿಯಾನ್. ಅಲ್ಲೂ ಬೇಗ ಲಯ ಸಿಗಲಿಲ್ಲ, ಸಿಕ್ಕ ಮೇಲೆ ಗೋಲು ಬಂದವು. ಲಿಯಾನ್‌ಗೆ ಹಣದ ಸಂಕಟ, 2025ರಲ್ಲಿ ಕೆಳಗಿನ ಲೀಗಿಗೆ ಹೋಗುವ ಶಿಕ್ಷೆಯಿಂದ ಅಪೀಲು ಮಾಡಿ ಬಚಾವಾದ ಕ್ಲಬ್ ಅದು. ಆ ಬೇಸಿಗೆಯಲ್ಲೇ ಇವನನ್ನು ಸ್ಪೇನಿನ ವಿಯ್ಯಾರಿಯಲ್‌ಗೆ ಮಾರಿತು. 2026ರ ವಿಶ್ವಕಪ್ ಅರ್ಹತೆ ಸ್ಪೇನ್, ಟರ್ಕಿ ಇದ್ದ ಗುಂಪಿನಲ್ಲಿ ಜಾರ್ಜಿಯಾಕ್ಕೆ ದಕ್ಕಲಿಲ್ಲ. ಹಾಗಾಗಿ ಅವನ ಆಟ ನೋಡಬೇಕೆಂದರೆ ಕ್ಲಬ್ ಮ್ಯಾಚ್‌ಗಳನ್ನೇ ನೋಡಿ. ಎರಡು ತಿಂಗಳು ಗೋಲು ಹೊಡೆಯದಿದ್ದರೆ ಮತ್ತೆ ಅದೇ ಹಣೆಪಟ್ಟಿ ಹಿಡಿದು ನನ್ನ ಇನ್‌ಬಾಕ್ಸ್‌ಗೆ ಬರಬೇಡಿ, ಅಷ್ಟೇ.